ಬಾರದವರ ಪಟ್ಟಿ

ಸಾವ್ಕಾರ್ರು ಕೇಳೂದು ಇಷ್ಟ:
"ದಾವಲಬೀ, ಈ ತಿಂಗಳ ಹೆಂಗೈತವಾ?"

ಹೆಂಗೈತಿ ಅನ್ನೂದು ಮೋಡಕ್ಕ ತಿಳಿಯೂದಿಲ್ಲ.
ಈ ಮೋಡ ಗುಡುಗೂದಲ್ಲ,
ಕಪ್ಪತಗುಡ್ಡದ ಮ್ಯಾಲೆ ಬಂದು ನಿಂದ್ರೂದೂ ಅಲ್ಲ;
ಯಾವುದೋ ಊರಾಗ, ತಂಪು ಹಾಕಿದ ಖೋಲ್ಯಾಗ
ನಮ್ಮ ಟಾಂಗಾಕೂಟದ ಅಂಗಡಿಯ
ಆರು ವರ್ಷದ ಬಿಲ್ಲು ಇಟಗೊಂಡು ಕುಂತೈತಿ.
ಅದಕ್ಕ ಬಿಡಿಸಿ ಕೇಳಬೇಕು:
ಯಾವ ಟೇಬಲ್, ಯಾವ ಕಾಲಂ,
ಯಾವ ತಾರೀಖಿನಿಂದ ಯಾವ ತಾರೀಖಿನ ಮಟ.
ಒಂದು ಅಲ್ಪವಿರಾಮ ಮರತ್ರ
ಮಾರಿ ತಿರುವತೈತಿ.

ಸೆಲೆಕ್ಟ್ ಅಂತೀನಿ, ಫ್ರಮ್ ಅಂತೀನಿ, ವೇರ್ ಅಂತೀನಿ.
ನಾನ ಬರೆದ ಸಣ್ಣ ಆ್ಯಪಿನೊಳಗ
ಸಾಲು ಸಾಲು ಇಳೀತಾವ:
ನರಗುಂದ, ಇನ್ನೂರು ಪೇಜಿನ ನೋಟಬುಕ್, ನಲವತ್ತು ಡಜನ್.
ರೋಣ, ಕಾರ್ಬನ್ ಹಾಳಿ, ಎರಡು ಡಬ್ಬಿ.
ಮುಂಡರಗಿ, ಕೆಂಪು ರಟ್ಟಿನ ಖಾತೆವಹಿ, ಏಳು.
ಖಾತೆವಹಿ ಮಾರಿದ ಲೆಕ್ಕ
ಖಾತೆವಹ್ಯಾಗ ಇಲ್ಲ ಈಗ.
ಇದನ್ನ ಹೇಳಿದ್ರ ಸಾವ್ಕಾರ್ರು ನಗತಾರ,
ಪ್ರತಿ ಸಲಾನೂ ಹೊಸದು ಕೇಳಿದಂಗ.

ಶ್ರಾವಣದಾಗ ಒಂದಿನ ಬ್ಯಾರೆ ಕೇಳಿದ್ರು:
"ಬಂದವರು ಇರಲಿ. ಬಾರದವರು ಯಾರು?"

ಕೈ ಕೀಲಿಮಣೆ ಮ್ಯಾಲೆ ಹಂಗ ನಿಂತ್ತು.
ಮಾರಾಟದ ಟೇಬಲ್ಲಿನಾಗ ಬಂದವರಷ್ಟ ಇರತಾರ.
ಬಾರದವರಿಗೆ ಅಲ್ಲಿ
ಖಾಲಿ ಸಾಲು ಸೈತ ಇಲ್ಲ.
ಅವರನ್ನ ಹುಡುಕಬೇಕಂದ್ರ
ಗಿರಾಕಿಗಳ ಹೆಸರೆಲ್ಲ ಎಡಕ್ಕ ಹಾಸಿ
ಬಿಲ್ಲೆಲ್ಲ ಬಲಕ್ಕ ಹಾಸಿ
ನಡುವ ನಂಬರಿನ ದಾರ ಪೋಣಿಸಿ,
ಬಲಗಡೆ ಯಾರಿಗೆ ಏನೂ ಸಿಗೂದಿಲ್ಲೋ
ಆ ಹೆಸರು ಎತ್ತಿಕೊಡು ಅನ್ನಬೇಕು.
ಜಾಯಿನ್ ಅಂತಾರ ಇದಕ್ಕ.
ಬೋರ್ಡಿನ ಮ್ಯಾಲೆ ಗದಗ, ಬೆಟಗೇರಿ ನಡುವ
ಒಂದು ಸಣ್ಣ ಗೆರಿ ಇರತೈತಲ್ಲ, ಅಂಥಾದ್ದು.

ಹನ್ನೊಂದು ಹೆಸರು ಬಂದ್ವು.
ಸಾವ್ಕಾರ್ರು ಚಸ್ಮಾ ಏರಿಸಿ ಓದಿದ್ರು:
ಶಿರಹಟ್ಟಿಯವ ಅಂಗಡಿ ಮುಚ್ಚಿ ಝೆರಾಕ್ಸ್ ಇಟ್ಟಾನ.
ಗಜೇಂದ್ರಗಡದವರಿಗೆ ಹುಬ್ಬಳ್ಳಿ ಮಾಲು ಸೋವಿ ಬಿದ್ದೈತಿ.
ಲಕ್ಷ್ಮೇಶ್ವರದ ಅತ್ತಾರ ಸಾಹೇಬ್ರು,
ಮಗಳ ಲಗ್ನಕ್ಕ ನಾ ಹೋಗಲಿಲ್ಲಂತ ಸಿಟ್ಟಾಗ್ಯಾರ,
ತಡಿ, ಫೋನ್ ಹಚ್ಚತೀನಿ.
ಒಂಬತ್ತನೇ ಹೆಸರಿಗೆ ಬೊಟ್ಟು ನಿಂತ್ತು.
ಮುದಕಪ್ಪ ಬಳಿಗಾರ, ಬೆಟಗೇರಿ.
"ಇದನ್ನ ಬಿಡವಾ."

ತಮ್ಮ. ನಾ ಇಲ್ಲಿ ಬರೂಕಿಂತ ಮೊದಲ ಪಾಲಾಗಿತ್ತಂತ.
ಮನಿ ಹಂಚಿದ್ರು, ಹೊಲ ಹಂಚಿದ್ರು, ಮಾತಿಲ್ಲದ ಮುಗದಿತ್ತು;
ಹಾಳಿ ಕತ್ತರಿಸೂ ಮಷಿನ್ ಯಾರದು
ಅನ್ನೂದಕ್ಕ ಜಗಳ ಹತ್ತಿತ್ತು.
ಅದು ಈಗ ಗೋಡಾವನ್ನಿನಾಗ
ತಾಡಪಾಲು ಹೊದ್ದು ಮಲಗೈತಿ.

ಕೊನೀಗೆ ಒಂದು ಷರತ್ತು ಹಾಕಿದೆ:
ಗಿರಾಕಿ ನಂಬರ್ ೪೧೭ ಆಗಿರಬಾರದು.
ಹತ್ತು ಬಂದ್ವು.

ಮುಂದ ತಿಂಗಳಿಗೆ ಎರಡು ಸಲ ಕೇಳತಿದ್ದೆ.
ಷರತ್ತು ಹಾಕಿ, ಅವರಿಗೆ.
ಅವರು ಮನಿಗೆ ಹೋದ ಮ್ಯಾಲೆ
ಷರತ್ತು ತಗದು, ಸುಮ್ನ.
ಯಾಕಂತ ನನಗೂ ಗೊತ್ತಿಲ್ಲ.
ಹೆಚ್ಚಿಗಿ ಬರೂದು ಒಂದ ಸಾಲು,
ಅದ ಹೆಸರು.

ದೀಪಾವಳಿ ತಿಂಗಳು ಮುಗಿದ ದಿನ
ಹಾಕಿ ನೋಡಿದೆ, ಎಂಟು.
ತಗದು ನೋಡಿದೆ, ಎಂಟು.
ದಾರ ಎಲ್ಲೋ ಹರದೈತಿ ಅಂತ
ಪೂರ್ತಿ ಅಳಿಸಿ ಮತ್ತ ಬರದೆ. ಎಂಟ.

ಆಮ್ಯಾಲೆ ನೆಟ್ಟಗ ಕೇಳಿದೆ: ೪೧೭ ಏನು ಒಯ್ದೈತಿ?
ಒಂದು ಸಾಲು ಇಳೀತು.
ಅಮಾಸಿ, ರಾತ್ರಿ ಒಂಬತ್ತು ನಲವತ್ತು.
ಖಾತೆವಹಿ, ಕೆಂಪು ರಟ್ಟು, ಒಂದು.
ಬಾಕಿ: ಸೊನ್ನೆ.
ಬಿಲ್ ಮಾಡಿದವರು: ೦೧.

೦೧ ಅಂದ್ರ ಸಾವ್ಕಾರ್ರು.
ಆರು ವರ್ಷದಾಗ ಒಂದ ಸಲಾನೂ
ಕೀಲಿ ಒತ್ತಿದವರಲ್ಲ;
ಅವರ ಪಾಸವರ್ಡ್ ನಾನ ಬರದು
ಕ್ಯಾಲೆಂಡರಿನ ಹಿಂದ ಅಂಟಿಸಿದ್ದೆ.
ಎದ್ದು ಹೋಗಿ ನೋಡಿದೆ.
ಚೀಟಿ ತಲಿಕೆಳಗಾಗಿತ್ತು.

ಮುಂಜಾನೆ ಬಂದು ಛಾ ತರಿಸಿ ಕೇಳಿದ್ರು,
"ಹೆಂಗೈತವಾ ಈ ತಿಂಗಳ?"
"ಪಾಡ ಐತ್ರಿ" ಅಂದೆ.

ಷರತ್ತು ಇನ್ನೂ ಹಂಗ ಐತಿ.
ತಗಿ ಅಂತ ಅವರೂ ಅಂದಿಲ್ಲ.