ಬಾತ್‌ನಲ್ಲಿ ಬೇಲಿ ಕೆಲಸ

ಇಬ್ರಿಯಿಂದ ಪಿಕಪ್ಪಿನಲ್ಲಿ ಬಂದೆವು, ಕಂಬ ನೆಡಲು.
ಕಾಯಬೇಕಾದ್ದು ಏನೆಂದು ನೋಡಿದರೆ
ಬಳೆಯ ಹಾಗೆ ಗುಂಡಗೆ
ಬಣ್ಣ ಬೇರೆಯಾದ ಮಣ್ಣು, ಅಷ್ಟೇ.

'ಕಂದಕ,' ಅಂದರು ಜೋಖಾ ಮೇಡಂ.
'ನಾಲ್ಕು ಸಾವಿರ ವರ್ಷ. ಯಾವಾಗಲೋ ತುಂಬಿಹೋಗಿದೆ.
ದಾರದೊಳಗೆ ಒಂದು ಗೇಣೂ ಅಗೆಯಬೇಡಿ, ಗುರುಲಿಂಗ.'

ಹತ್ತೊಂಬತ್ತು ವರ್ಷ ನಾನೂ ಅಗೆದಿದ್ದೇನೆ ಈ ದೇಶದಲ್ಲಿ:
ಕೇಬಲ್ಲಿಗೆ, ನೀರಿಗೆ,
ಒಮ್ಮೆ, ಊರಿಗೆ ಕಳಿಸಲಾಗದ ಸಂಗಯ್ಯನಿಗೆ.
ಸಂಜೆಯೊಳಗೆ ಎಲ್ಲ ಮುಚ್ಚಿ ತುಳಿದು ಸಮ ಮಾಡಿದ್ದೇನೆ.

ತೆರೆದಿಟ್ಟ ಒಂದು ಮೊಳದಲ್ಲಿ
ಬ್ರಷ್ಷಿನಿಂದ ಸವರಿ ತೋರಿಸಿದರು:
ಏಟುಗಳೆಲ್ಲ ಒಂದೇ ಕಡೆ ವಾಲಿವೆ.
'ಅಗೆದವನು ಎಡಗೈಯವನಿರಬೇಕು.'

ರೊಡ್ಡ, ರೊಡ್ಡ ಅಂತ ಬಾರಿಸಿ
ಮಾಸ್ತರು ಬಲಕ್ಕೆ ತಿದ್ದಿದ ಕೈ ನನ್ನದು.
ಊಟದ ಹೊತ್ತಿಗೆ, ಯಾರೂ ಇಲ್ಲದಾಗ,
ಹಾರೆಯನ್ನು ಎಡಕ್ಕೆ ದಾಟಿಸಿದೆ.

ದಾರದ ಹೊರಗೇ.