ಮೊಳೆ

ಡಂಡೀಯಲ್ಲಿ ಏಪ್ರಿಲ್ ಎಂದರೆ ಹೀಗೇ:
ಸಮುದ್ರದ ಕಡೆಯಿಂದ ಮಂಜು ಬಂದು
ಟೇ ನದಿಯ ಸೇತುವೆಯನ್ನು ಅರ್ಧಕ್ಕೇ ಅಳಿಸಿಬಿಡುತ್ತದೆ.
ಅಳಿಸಿದ ಕಡೆಯಿಂದಲೇ ರೈಲು ಹೊರಬರುತ್ತದೆ.
"ಬಂತು" ಎನ್ನುತ್ತಾಳೆ ನೀಲವ್ವ, ಕಿಟಕಿಗೆ ಮೂಗೊತ್ತಿ.
ಹೋದರೂ "ಬಂತು" ಎನ್ನುತ್ತಾಳೆ.
ಎರಡು ವರ್ಷದವಳಿಗೆ ಹೋಗುವುದು ಇನ್ನೂ ಬಂದಿಲ್ಲ.

ಕೇರ್‌ಹೋಮಿನ ರಾತ್ರಿ ಪಾಳಿ ಮುಗಿಸಿ ನಾನು ಒಳಗೆ,
ಬಸ್ಸು ಓಡಿಸಲು ಅವಳಪ್ಪ ಹೊರಗೆ.
ಹೊಸ್ತಿಲಲ್ಲೇ ಮಗು ಕೈಯಿಂದ ಕೈಗೆ.
ದವಡೆ ಹಲ್ಲು ಮೊಳೆಯುವ ಕಾಲ: ಜೊಲ್ಲು, ಮೈಬಿಸಿ, ಹಟ.
ಬಲದ ಬೂಟು ಎಡಗಾಲಿಗೆ, ಎಡದ್ದು ನನ್ನ ಚೀಲಕ್ಕೆ,
ಓಟ್ಸ್ ಗಂಜಿ ನೆಲಕ್ಕೆ.
ಸೋಫಾದಲ್ಲಿ ಕೂತಲ್ಲೇ ಒಂದು ಸಲ ರೆಪ್ಪೆ ಮುಚ್ಚಿದೆ. ಒಂದೇ ಸಲ.

ಎದ್ದಾಗ ಮನೆ ತೀರಾ ಸುಮ್ಮನಿತ್ತು.
ಮಗುವಿರುವ ಮನೆ ಸುಮ್ಮನಿದ್ದರೆ
ಅದರಷ್ಟು ದೊಡ್ಡ ಸದ್ದು ಇನ್ನೊಂದಿಲ್ಲ.
ಹೊಲಿಗೆ ಡಬ್ಬಿ ಬೋರಲು, ಗುಂಡಿಗಳೆಲ್ಲ ಕಾರ್ಪೆಟ್ಟಿನ ತುಂಬ.
ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದು
ಅವಳ ಮುಷ್ಟಿಯಲ್ಲಿ, ಮುಷ್ಟಿ ಬಾಯಿಯ ಹತ್ತಿರ.
ಅಜ್ಜನ ಅಚ್ಚಿನ ಮೊಳೆ. ಸೀಸದ್ದು.

ಗದಗಿನ ಸ್ಟೇಷನ್ ರೋಡಿನ ಪ್ರೆಸ್ಸಿನಲ್ಲಿ
ನಲವತ್ತು ವರ್ಷ ಅಕ್ಷರ ಜೋಡಿಸಿದವನು ಫಕೀರಪ್ಪಜ್ಜ.
ಲಗ್ನಪತ್ರಿಕೆ, ಬೀಜದಂಗಡಿಯ ರಶೀದಿ, ಶಿವಗಣಾರಾಧನೆಯ ಕಾರ್ಡು,
ಊರಿನ ಸುಖದುಃಖ ಮೊದಲು ಗೊತ್ತಾಗುತ್ತಿದ್ದದ್ದು ಅವನ ಬೆರಳಿಗೆ,
ಅದೂ ತಲೆಕೆಳಗಾಗಿ.
ಕರೆಂಟು ಹೋದರೂ ಕೈ ನಿಲ್ಲುತ್ತಿರಲಿಲ್ಲ.
ಕಟಿಂಗ್ ಅಂಗಡಿಯಲ್ಲಿ, ಹಿಂದೆ ಕೂತವರ ಕೈಯ ಪೇಪರನ್ನು
ಕನ್ನಡಿಯಲ್ಲೇ ಓದಿ ಮುಗಿಸುತ್ತಿದ್ದ.
ರೊಟ್ಟಿಯ ಮೇಲೆ ಹೆಬ್ಬೆರಳು ಕಪ್ಪಗೆ ಮೂಡಿದರೆ
ಆ ಚೂರು ತಾನು ಮುರಿದು ತಿಂದು
ಬೆಳ್ಳಗಿನದು ನನಗೆ.

ಪ್ರೆಸ್ಸು ಮುಚ್ಚಿದಾಗ ಮೊಳೆಗಳು ಕಿಲೋ ಲೆಕ್ಕದಲ್ಲಿ ಹೋದವು.
ದೇವರ ಹೆಸರೂ ಸಾಲದ ನೋಟೀಸೂ ಒಂದೇ ತಕ್ಕಡಿ, ಒಂದೇ ದರ.
ಅಜ್ಜ ಒಂದನ್ನು ಜೇಬಿಗೆ ಹಾಕಿಕೊಂಡ.
ಶುರುವಿನ ಅ ಅಲ್ಲ, ತನ್ನ ಹೆಸರಿನ ಫ ಅಲ್ಲ,
ಳ.
ಯಾಕಜ್ಜಾ ಅಂದೆ.
"ಇದು ಇರಲಿಲ್ಲಂದ್ರ ಅಳೂದು ಹ್ಯಾಂಗವ್ವಾ,
ಬಾಳೂದು ಹ್ಯಾಂಗ?"
ಅಂದವನೇ ಅಡಿಕೆ ಹುಡುಕುವವನಂತೆ ಜೇಬು ತಡವಿದ.

ನೀಲವ್ವನಿಗೆ ಳ ಬರುವುದಿಲ್ಲ.
ಬಾಳೆಹಣ್ಣು ಬಾಯೆನ್ನು. ಮಳೆ ಮಯೆ.
ಇಲ್ಲಿ ದಿನಕ್ಕೆ ಹತ್ತು ಸಲ ಮಯೆ.
ನರ್ಸರಿಯ ಮೋರಾಗಿಗೂ ಬರುವುದಿಲ್ಲ,
ಈ ಬೀದಿಯ ಯಾವ ನಾಲಗೆಯೂ ಅಷ್ಟು ಹಿಂದಕ್ಕೆ ಮಡಚುವುದಿಲ್ಲ.
ಅಳುವುದಕ್ಕೇನೂ ತೊಂದರೆಯಿಲ್ಲ.

ಅತ್ತಳು. ಒದ್ದಳು. ಮುಷ್ಟಿ ಬಿಡಲೊಲ್ಲಳು.
ಕಿರುಬೆರಳಿನಿಂದ ಒಂದೊಂದಾಗಿ ಬಿಡಿಸುತ್ತಾ
ಸತ್ತವನ ಮೇಲೆ ಸಿಟ್ಟು ಬಂತು ನನಗೆ:
ಕೊಡಲಿಕ್ಕೆ ಬೇರೇನೂ ಇರಲಿಲ್ಲವಾ ನಿನಗೆ, ವಿಷವೇ ಬೇಕಿತ್ತಾ?

ಮೊಳೆ ಕೆಳಗೆ ಬಿತ್ತು.
ಅಂಗೈ ನಡುವೆ, ಕೆಂಪಗೆ ಒತ್ತಿಕೊಂಡು,
ಳ.
ಉಲ್ಟಾ ಅಲ್ಲ. ಯಾರಾದರೂ ಓದಬಹುದಾದಂತೆ.
ಇಷ್ಟು ವರ್ಷ ಅದನ್ನು ನಾನು
ಬೆನ್ನ ಕಡೆಯಿಂದಲೇ ನೋಡಿದ್ದೆ.

ಸೋಪು ಹಚ್ಚಿ ಮೂರು ಸಲ ತೊಳೆದೆ. ಆರೋಗ್ಯ ಸಹಾಯವಾಣಿಗೆ ಫೋನು.
ನುಂಗಿದಳಾ? ಇಲ್ಲ.
ಚೀಪಿದಳಾ? ಗೊತ್ತಿಲ್ಲ, ನಾನು ಮಲಗಿದ್ದೆ,
ಎನ್ನುವಾಗ ದನಿ ಹೋಯಿತು.
ಆ ಕಡೆಯವಳು ಕಾದಳು. ಆಮೇಲೆ "ಹೆನ್" ಎಂದಳು.
ಈ ಊರಲ್ಲಿ ಹೆಂಗಸರನ್ನು
ಕೋಳಿ ಎಂದು ಕರೆದು ಸಮಾಧಾನ ಮಾಡುತ್ತಾರೆ.
ಏನು ಗಮನಿಸಬೇಕು, ಯಾವಾಗ ಡಾಕ್ಟರ ಬಳಿ ಹೋಗಬೇಕು,
ಮೆಲ್ಲಗೆ ಹೇಳಿದಳು. ಬರೆದುಕೊಂಡೆ, ಕನ್ನಡದಲ್ಲಿ.

ಅವಳಪ್ಪ ಬರುವಷ್ಟರಲ್ಲಿ ಅಂಗೈ ಖಾಲಿಯಾಗಿತ್ತು.
ತೋರಿಸಲು ಹೋಗಿ ಬರೀ ಕೈ ಹಿಡಿದುಕೊಂಡೆ.
ಮೊಳೆ ಈಗ ಬಾಯ್ಲರಿನ ಮೇಲಿನ ಹಲಗೆಯಲ್ಲಿದೆ,
ಒತ್ತಿ ತಿರುಗಿಸಬೇಕಾದ ಮುಚ್ಚಳದ ಮಾತ್ರೆ ಡಬ್ಬಿಯೊಳಗೆ.

ಮಂಜು ಸರಿದು ಸೇತುವೆ ಅಷ್ಟೂ ಕಾಣುತ್ತಿತ್ತು.
ರೈಲು ಹೋಯಿತು.
"ಬಂತು" ಎಂದಳು.
ಹೂಂ ಕಣೇ, ಬಂತು, ಎಂದೆ.