ಇಲ್ಲೀತನಕ ಬಂದೈತಿ

ತಾಡಪಾಲು ಎಳೆದಾಗ ಮೊದಲು ಸುರಿದದ್ದು ಮಣ್ಣು,
ಸಂಡೂರಿನ ಲಾರಿಗಳು ನಾಲ್ಕು ವರ್ಷ ಬಿಟ್ಟುಹೋದ ಕೆಂಪು.
ಆಮೇಲೆ ಒಂದು ಹಲ್ಲಿ. ಆಮೇಲೆ ನನ್ನ ಬೋರ್ಡು:
ಹಂಪಮ್ಮ ಡ್ರೈವಿಂಗ್ ಸ್ಕೂಲ್, ಮಿಲ್ಲರ್‌ಪೇಟೆ, ಬಳ್ಳಾರಿ.
ಹ ಪಕ್ಕದ ಸೊನ್ನೆಯ ಮೇಲೆ ಕಣಜ ಗೂಡು ಕಟ್ಟಿ
ಸೊನ್ನೆಯನ್ನು ದಪ್ಪ ಮಾಡಿತ್ತು.

ಡ್ರೈವರ್ ಸೀಟಿನಲ್ಲಿ ದುರುಗಮ್ಮ, ಚಪ್ಪಲಿ ಹೊರಗೆ ಬಿಟ್ಟು.
ಕಾಯಿಪಲ್ಲೆ ಮಾರಿ ಹಳೇ ಗೂಡ್ಸ್ ಗಾಡಿ ಕೊಂಡಿದ್ದಾಳೆ,
ಓಡಿಸಲು ಅಳಿಯನ ಕೈಕಾಲು ಹಿಡಿಯಬೇಕು.
ಕೀಲಿ ತಿರುವು ಅಂದೆ. ಟಿಕ್.
ಇನ್ನೊಮ್ಮೆ. ಟಿಕ್ ಕೂಡ ಇಲ್ಲ.
'ನಾನೇನಾರ ತಪ್ಪು ಮಾಡಿದ್ನಾ ಅಕ್ಕಾ?'

ಕೌಲ್ ಬಜಾರಿನಿಂದ ಶೇಕ್ಷಾವಲಿ ಬಂದ
ಸೈಕಲ್ಲಿನ ಕ್ಯಾರಿಯರಿಗೆ ಬ್ಯಾಟರಿ ಬಿಗಿದುಕೊಂಡು,
ಬಾಯಲ್ಲಿ ಅರ್ಧ ಮಿರ್ಚಿ.
ಟರ್ಮಿನಲ್ಲಿನ ಮೇಲೆ ಬೆಳೆದ ಬಿಳಿಹಸಿರು ಹೂವಿಗೆ
ಬಿಸಿನೀರು ಹೊಯ್ದ. ನೊರೆ ಬಂತು.
ಈಗ ತಿರುಗುತ್ತದೆ ಎಂಜಿನ್ನು, ಗರ್ ಗರ್ ಗರ್,
ತಿರುಗುತ್ತದೆ ಅಷ್ಟೇ.
'ತಿರುಗೋದು ಬ್ಯಾರೆ ಮೇಡಂ, ಹತ್ತೋದು ಬ್ಯಾರೆ.'

ಏರ್ ಫಿಲ್ಟರಿನ ಡಬ್ಬಿ ತೆಗೆದರೆ
ಓಣಿಯ ಜೀನ್ಸ್ ಚೂರುಗಳನ್ನೆಲ್ಲ ಹೊತ್ತು ತಂದು
ಇಲಿಯೊಂದು ಬಾಣಂತನ ಮಾಡಿಕೊಂಡಿದೆ,
ನೀಲಿ ಹಾಸಿಗೆ, ನೀಲಿ ದಿಂಬು, ಯಾರೂ ಇಲ್ಲ.

ಪ್ಲಗ್ಗು ಬಿಚ್ಚಿ ಎಂಜಿನ್ನಿನ ಮೈಗೆ ತಾಗಿಸಿ ಹಿಡಿದ.
ಮೇ ತಿಂಗಳು, ಹನ್ನೊಂದು ಗಂಟೆ;
ಈ ಬಿಸಿಲಲ್ಲಿ ಕಿಡಿ ಹಾರಿದರೂ ಕಣ್ಣಿಗೆ ಕಾಣದು.
ಸೆರಗು ಹರವಿ ನೆರಳು ಹಿಡಿದೆ.
ಅಂಗೈಯಗಲದ ಆ ಕತ್ತಲೆಗೆ ಇಬ್ಬರೂ ತಲೆ ಬಗ್ಗಿಸಿ
ಉಸಿರು ಬಿಗಿಹಿಡಿದು ನೋಡಿದೆವು.
ಕತ್ತಲೆ ಕತ್ತಲೆಯಾಗಿಯೇ ಇತ್ತು.

ಪಾಯಿಂಟನ್ನು ಮರಳುಕಾಗದದಿಂದ ಉಜ್ಜಿದ. ಇಲ್ಲ.
ಕಾಯಿಲ್ ಬದಲಿಸಿದ. ಇಲ್ಲ.
ಆಮೇಲೆ ಎರಡು ವೈರಿನ ಸಣ್ಣ ಬಲ್ಬು ತೆಗೆದು
ಬ್ಯಾಟರಿಯಿಂದ ಹೆಜ್ಜೆ ಹೆಜ್ಜೆಗೂ ಮುಟ್ಟಿಸುತ್ತ ಹೊರಟ,
ಜ್ವರ ಎಲ್ಲಿಳಿದಿದೆ ಎಂದು ಮೈದಡವುವ ಹಾಗೆ.
'ಇಲ್ಲೀತನಕ ಬಂದೈತಿ.'
ಬಲ್ಬು ಉರಿಯಿತು.
'ಇಲ್ಲೀತನಕಾನೂ ಬಂದೈತಿ.'
ಉರಿಯಿತು.
'ಇಲ್ಲಿಂದ ಮುಂದ ಇಲ್ಲ. ಮೇಡಂ, ಇದ್ಯಾವ ಹಸಿರು ವೈರು?
ಕಂಪನಿ ಕೊಟ್ಟಿದ್ದಲ್ಲ ಇದು.'

ವೈರು ಎಡಕ್ಕೆ ಹೋಗುತ್ತಿತ್ತು. ನಾನು ಕೂರುವ ಕಡೆ,
ನನ್ನ ಎರಡನೇ ಬ್ರೇಕಿನ ಹಿಂದೆ, ಮೊಣಕಾಲಿಗೆ ತಾಗುವಲ್ಲಿ
ಕಡಲೆಕಾಳಿನಷ್ಟು ಒಂದು ಸ್ವಿಚ್ಚು.

ಗಾದಿಲಿಂಗ.
ಜೀನ್ಸ್ ಹೊಲಿದು ಹೊಲಿದು ಪಳಗಿದ ಕಾಲು;
ಬ್ರೇಕೋ ಬ್ರೇಕೋ ಎಂದಷ್ಟೂ
ಮೆಷಿನ್ನು ತುಳಿದಂತೆ ಎಕ್ಸಲೇಟರ್ ತುಳಿದ.
ನಮ್ಮದೇ ಓಣಿಯ ತಿರುವು, ಮಂಚದ ಮೇಲೆ ಯಾರದೋ ಹಪ್ಪಳ.
ಮೊಣಕಾಲಿಂದಲೇ ಸ್ವಿಚ್ಚು ಬಡಿದೆ.
ಹಪ್ಪಳಕ್ಕೂ ಬಂಪರಿಗೂ ಗೇಣು ಜಾಗ.
ಬೈದೆ, ಆಮೇಲೆ ಇಬ್ಬರೂ ನಕ್ಕು
ತಳ್ಳಿಕೊಂಡೇ ಗೇಟಿನೊಳಗೆ ತಂದೆವು.
ಮಾರನೇ ದಿನ ಊರಿಗೇ ಬೀಗ ಬಿತ್ತು.

ನಾಲ್ಕು ವರ್ಷದಿಂದ ಈ ಕಾರು
ನಾನು ಕೊನೆಗೆ ಹೇಳಿದ್ದನ್ನೇ ಪಾಲಿಸುತ್ತ ನಿಂತಿತ್ತು.
ಕಾಯಿಲ್ಲಿನ ದುಡ್ಡು ಕೊಡುತ್ತೇನೆ ಎಂದೆ.
ಶೇಕ್ಷಾವಲಿ ನನ್ನ ಮುಖ ನೋಡದೆ ಸ್ಪ್ಯಾನರು ಒರೆಸಿದ.

ಸ್ವಿಚ್ಚು ಮೇಲೆ. ಸೆರಗಿನ ಕತ್ತಲೆಯಲ್ಲಿ
ಟಪ್ ಟಪ್ ನೀಲಿ.
ದುರುಗಮ್ಮ ಮತ್ತೆ ತಿರುವಿದಳು,
ಎಂಜಿನ್ನು ಹತ್ತಿತು, ಕಪ್ಪಗೆ ಕೆಮ್ಮಿತು,
ಹತ್ತು ಎಣಿಸುವುದರೊಳಗೆ ಆರಿತು.

ಟ್ಯಾಂಕಿನಿಂದ ಇಳಿದದ್ದು ಬೆಲ್ಲದ ನೀರಿನ ಬಣ್ಣ,
ಹಳೇ ವಾರ್ನಿಷಿನ ವಾಸನೆ.
'ಇದು ಪೆಟ್ರೋಲಲ್ರಿ, ಕಷಾಯ,' ಎಂದು
ಎರಡು ಲೀಟರಿನ ಕ್ಯಾನು ಹ್ಯಾಂಡಲ್ಲಿಗೆ ಸಿಗಿಸಿ
ಅವನು ಬಂಕಿಗೆ ಹೊರಟ. ಬಿಸಿಲು ನೆತ್ತಿಗೆ ಬಂದಿತ್ತು.

ನಾನು ಎಡಗಡೆ ಹತ್ತಿ ಕೂತೆ.
ಅವನು ಬರುವಷ್ಟರಲ್ಲಿ, ದುರುಗಮ್ಮ,
ಕ್ಲಚ್ಚು ಪೂರಾ ಒತ್ತು. ಕೆಳಗೆ ನೋಡಬೇಡ.
ಒಂದು.
ಎರಡು.
ಈಗ ನಡುವೆ ತಂದು ಕೈ ಬಿಡು.